ಹೈದರಾಬಾದಿನ ರಸ್ತೆಗೆ ಐಷಾರಾಮಿ ಕಾರಿನ ಟೈರ್: ಕೊಳ್ಳುವ ಮುನ್ನ ನೋಡಬೇಕಾದ್ದು

ಬಿಎಂಡಬ್ಲ್ಯು 3 ಸೀರೀಸ್, ಮರ್ಸಿಡಿಸ್ ಸಿ-ಕ್ಲಾಸ್, ಆಡಿ ಎ4, ಜಾಗ್ವಾರ್ ಎಕ್ಸ್‌ಇ ಮಾದರಿಯ ಕಾರುಗಳು ಹೈದರಾಬಾದಿನ ಗಚ್ಚಿಬೌಲಿ, ಕೊಂಡಾಪುರ, ಜುಬಿಲಿ ಹಿಲ್ಸ್ ಕಡೆ ಈಗ ಅಪರೂಪವೇನಲ್ಲ. ಕನ್ನಡದ ಮನೆಗಳ ಮುಂದೆಯೂ ನಿಂತಿರುತ್ತವೆ. ಶುಕ್ರವಾರ ಸಂಜೆ ಬೀದರಿಗೋ ಕಲಬುರಗಿಗೋ ರಾಯಚೂರಿಗೋ ಹೊರಡುತ್ತವೆ, ಹಬ್ಬ ಬಂದರೆ ಬೆಂಗಳೂರಿನ ದಾರಿ ಹಿಡಿಯುತ್ತವೆ. ಕಾರು ಹೊಸದಿರುವಾಗ ಟೈರಿನ ಯೋಚನೆ ಯಾರಿಗೂ ಬರುವುದಿಲ್ಲ. ಮೂರು ನಾಲ್ಕು ವರ್ಷ ಕಳೆದ ಮೇಲೆ ಸರ್ವಿಸ್ ಸೆಂಟರಿನವರು ‘ಸರ್, ನಾಲ್ಕೂ ಬದಲಾಯಿಸಬೇಕು’ ಎಂದು ಎಸ್ಟಿಮೇಟ್ ಕೈಗಿಟ್ಟಾಗ ಎದೆ ಧಸಕ್ಕೆನ್ನುತ್ತದೆ. ಹದಿನೆಂಟು ಇಂಚಿನ ರನ್‌ಫ್ಲಾಟ್ ಟೈರಾದರೆ ಒಂದಕ್ಕೇ ಇಪ್ಪತ್ತು ಸಾವಿರ ದಾಟುವುದು ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಕೊಂಡವರಿಗಂತೂ ಈ ಖರ್ಚು ಮೊದಲ ವರ್ಷವೇ ಎದುರಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೈದರಾಬಾದಿನಲ್ಲಿ ಇಂಥ ಕಾರಿಗೆ ಟೈರ್ ಆರಿಸುವಾಗ ಮೊದಲು ನೋಡಬೇಕಾದ್ದು ಒದ್ದೆ ರಸ್ತೆಯ ಹಿಡಿತ, ಅದರ ನಂತರ ಗುಂಡಿ ತಾಳುವ ಶಕ್ತಿ. ವೇಗದ ಅಕ್ಷರ, ನೋಟ, ಬ್ರ್ಯಾಂಡಿನ ಹೆಸರು ಎಲ್ಲ ಆಮೇಲೆ. ನಗರವನ್ನು ಸುತ್ತುವ 158 ಕಿ.ಮೀ. ಉದ್ದದ ನೆಹರು ಹೊರವರ್ತುಲ ರಸ್ತೆಯಲ್ಲಿ 2023ರಲ್ಲಿ ವೇಗದ ಮಿತಿಯನ್ನು 100ರಿಂದ 120 ಕಿ.ಮೀ.ಗೆ ಏರಿಸಿದರು. ಈ ಊರಿನಲ್ಲಿ ಕಾನೂನು ಒಪ್ಪುವ ಅತಿ ಹೆಚ್ಚಿನ ವೇಗ ಅಷ್ಟೇ. ಆದರೆ ಅದೇ ಕಾರು ಹೊರವರ್ತುಲ ಬಿಟ್ಟು ಒಳಗಿಳಿದರೆ ಫ್ಲೈಓವರಿನ ಜಾಯಿಂಟುಗಳು, ಅಗೆದು ಮುಚ್ಚಿದ ಕೇಬಲ್ ಹೊಂಡಗಳು, ಬಣ್ಣ ಅಳಿಸಿಹೋದ ಹಂಪುಗಳು ಸಾಲಾಗಿ ಕಾಯುತ್ತಿರುತ್ತವೆ. ಜೂನಿನಿಂದ ಅಕ್ಟೋಬರ್‌ವರೆಗೆ ಒಂದು ತಾಸು ಜೋರು ಮಳೆ ಬಿದ್ದರೆ ಸಾಕು, ರಾಯದುರ್ಗದ ಮಲ್ಕಂ ಚೆರುವು ಬಳಿ, ಪಂಜಗುಟ್ಟದ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ನೀರಿನಡಿಯ ಗುಂಡಿ ಕಣ್ಣಿಗೆ ಬೀಳುವುದಿಲ್ಲ.

ಟೈರಿನ ಅಂಚು ಓದುವುದು

ಟೈರಿನ ಪಕ್ಕದ ಗೋಡೆಯ ಮೇಲೆ 225/45 ಆರ್18 95 ವೈ ಎಂದಿದೆ ಎನ್ನಿ. 225 ಎಂಬುದು ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ. 45 ಎಂದರೆ ಆ ಅಗಲದ ಶೇ. 45ರಷ್ಟು ಗೋಡೆಯ ಎತ್ತರ, ಅಂದರೆ 101 ಮಿ.ಮೀ. 18 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. 95 ಎಂಬುದು ಹೊರೆಯ ಸೂಚ್ಯಂಕ, ಒಂದು ಟೈರ್ 690 ಕಿಲೋ ಹೊರಬಲ್ಲದು ಎಂದರ್ಥ. 91 ಎಂದಿದ್ದರೆ 615 ಕಿಲೋ ಮಾತ್ರ. ಕೊನೆಯ ಅಕ್ಷರ ವೇಗದ್ದು: ವಿ ಎಂದರೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300 ಕಿ.ಮೀ.

ಮುನ್ನೂರರ ವೇಗದಲ್ಲಿ ಯಾರೂ ಓಡಿಸುವುದಿಲ್ಲವಲ್ಲ, ಕಡಿಮೆ ಅಕ್ಷರದ್ದೇ ಹಾಕಿಸಿ ಹಣ ಉಳಿಸೋಣ ಎಂದು ಕೆಲವರು ಯೋಚಿಸುತ್ತಾರೆ. ಅದು ಬೇಡ. ಆ ಅಕ್ಷರ ವೇಗವನ್ನಷ್ಟೇ ಅಲ್ಲ, ಟೈರ್ ಎಷ್ಟು ಶಾಖ ತಡೆದೀತು ಎಂಬುದನ್ನೂ ಹೇಳುತ್ತದೆ. ಮೇ ತಿಂಗಳ ಮಧ್ಯಾಹ್ನ ನಾಲ್ಕು ಜನ ಮತ್ತು ಡಿಕ್ಕಿ ತುಂಬ ಲಗೇಜು ಹೊತ್ತು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕರ್ನೂಲು, ಅನಂತಪುರ ದಾಟಿ ಬೆಂಗಳೂರಿಗೆ ಹೋಗುವವರಿಗೆ ಶಾಖದ ಆ ಹೆಚ್ಚುವರಿ ತಾಳಿಕೆ ಬೇಕೇ ಬೇಕು. ಹೊರೆ ಮತ್ತು ವೇಗ ಎರಡರಲ್ಲೂ ಕಾರಿನ ಕೈಪಿಡಿಯಲ್ಲಿ ಬರೆದದ್ದಕ್ಕಿಂತ ಕೆಳಗಿಳಿಯಬಾರದು, ಮೇಲಕ್ಕೆ ಹೋದರೆ ಅಡ್ಡಿಯಿಲ್ಲ. ಸರಿಯಾದ ಅಳತೆಯ ಪಟ್ಟಿ ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲಿನ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುತ್ತದೆ.

ಸ್ಪೋರ್ಟಿ ಮಾದರಿಗಳಲ್ಲಿ ಇನ್ನೊಂದು ತೊಡಕಿದೆ. ಹಲವು ಕಾರುಗಳಿಗೆ ಮುಂದೆ 225, ಹಿಂದೆ 245 ಅಥವಾ 255 ಅಗಲದ ಟೈರುಗಳಿರುತ್ತವೆ. ಹಾಗಿದ್ದರೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ತಿರುಗಿಸಿ ಹಾಕಿ ಸವೆತ ಸಮ ಮಾಡಲು ಬರುವುದಿಲ್ಲ. ಹಿಂದಿನ ಎರಡು ಬೇಗ ಮುಗಿಯುತ್ತವೆ, ಆ ಖರ್ಚಿಗೆ ಸಿದ್ಧರಿರಬೇಕು.

ಗೋಡೆಯ ಮೇಲೆ ಸಣ್ಣ ನಕ್ಷತ್ರದ ಗುರುತಿದ್ದರೆ ಆ ಟೈರ್ ಬಿಎಂಡಬ್ಲ್ಯು ಒಪ್ಪಿಗೆ ಪಡೆದದ್ದು. ಎಂಒ ಎಂದಿದ್ದರೆ ಮರ್ಸಿಡಿಸ್, ಎಒ ಎಂದಿದ್ದರೆ ಆಡಿ, ಎನ್ ಅಕ್ಷರದ ಮುಂದೆ ಅಂಕಿಯಿದ್ದರೆ ಪೋರ್ಷೆ. ಈ ಗುರುತಿನ ಟೈರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಕಂಗಾಲಾಗಬೇಕಿಲ್ಲ, ಅಳತೆ, ಹೊರೆ, ವೇಗ ಸರಿಯಿದ್ದು ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿಯಾಗಿದ್ದರೆ ಸಾಕು. ಎಕ್ಸ್‌ಡ್ರೈವ್, ಕ್ವಾಟ್ರೊ ಥರದ ನಾಲ್ಕು ಚಕ್ರದ ಚಾಲನೆಯ ಕಾರುಗಳಲ್ಲಿ ಮಾತ್ರ ಈ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಒಂದು ಟೈರ್ ಹೊಸದು, ಉಳಿದ ಮೂರು ಸವೆದವು ಎಂದಾದರೆ ಸುತ್ತಳತೆ ಬೇರೆಬೇರೆಯಾಗಿ ಟ್ರಾನ್ಸ್‌ಫರ್ ಕೇಸಿನ ಮೇಲೆ ಒತ್ತಡ ಬೀಳುತ್ತದೆ. ಅದರ ರಿಪೇರಿಗೆ ಹೋಲಿಸಿದರೆ ನಾಲ್ಕು ಟೈರಿನ ಬೆಲೆ ಏನೂ ಅಲ್ಲ.

ರನ್‌ಫ್ಲಾಟ್ ಇರಲೋ, ತೆಗೆಯಲೋ?

ಹೈದರಾಬಾದಿನ ಟೈರ್ ಅಂಗಡಿಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಪ್ರಶ್ನೆ ಇದು. ರನ್‌ಫ್ಲಾಟ್ ಟೈರಿನ ಗೋಡೆಯೊಳಗೆ ದಪ್ಪ ರಬ್ಬರಿನ ಆಧಾರವಿರುತ್ತದೆ. ಗಾಳಿ ಪೂರ್ತಿ ಹೋದರೂ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದಂತೆ 80 ಕಿ.ಮೀ. ದೂರ ಓಡಿಸಬಹುದು. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಸಂಕೇತ ಕೊಟ್ಟಿದೆ: ಬ್ರಿಜ್‌ಸ್ಟೋನ್ ಆರ್‌ಎಫ್‌ಟಿ ಎಂದರೆ ಮಿಷೆಲಿನ್ ಝಡ್‌ಪಿ ಎನ್ನುತ್ತದೆ, ಕಾಂಟಿನೆಂಟಲ್ ಎಸ್‌ಎಸ್‌ಆರ್ ಎನ್ನುತ್ತದೆ. ಈ ಟೈರ್ ಇದ್ದ ಕಾರುಗಳಲ್ಲಿ ಎಷ್ಟೋ ಸಲ ಸ್ಟೆಪ್ನಿಯೇ ಇರುವುದಿಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿಯೊತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮವನ್ನೂ ಸಡಿಲಿಸಿತು.

ರನ್‌ಫ್ಲಾಟಿನ ಅನುಕೂಲ ರಾತ್ರಿ ಹೊತ್ತಿನಲ್ಲಿ ಗೊತ್ತಾಗುತ್ತದೆ. ಜಡ್ಚರ್ಲ ದಾಟಿ ಕರ್ನೂಲಿನ ಕಡೆ ಹೋಗುತ್ತಿರುವಾಗ ಹನ್ನೊಂದು ಗಂಟೆಗೆ ಮೊಳೆ ಚುಚ್ಚಿದರೆ, ಹೆಂಡತಿ ಮಕ್ಕಳನ್ನು ಕತ್ತಲ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಜಾಕ್ ಹಚ್ಚುವ ಅಪಾಯವಿಲ್ಲ. ನಿಧಾನವಾಗಿ ಮುಂದಿನ ಊರು ಮುಟ್ಟಬಹುದು. ತೊಂದರೆ ಅಲ್ಲಿಂದ ಮುಂದಿನದು. ಆ ಊರಿನ ಅಂಗಡಿಯಲ್ಲಿ ನಿಮ್ಮ ಅಳತೆಯ ರನ್‌ಫ್ಲಾಟ್ ಇರುವ ಸಂಭವ ತೀರ ಕಡಿಮೆ. ಗಾಳಿಯಿಲ್ಲದೆ ದೂರ ಓಡಿದ ರನ್‌ಫ್ಲಾಟಿನ ಒಳಗೋಡೆ ಸುಟ್ಟಂತಾಗಿರುತ್ತದೆ, ಅದನ್ನು ಪಂಕ್ಚರ್ ಹಾಕಿ ಮತ್ತೆ ಬಳಸಬಾರದು. ಅಂದರೆ ರನ್‌ಫ್ಲಾಟ್ ಇದ್ದರೆ ರಸ್ತೆಯ ಮೇಲೆ ಕಾಯುವುದು ತಪ್ಪುತ್ತದೆ, ಊರಿನಲ್ಲಿ ಕಾಯುವುದು ತಪ್ಪುವುದಿಲ್ಲ.

ನಗರದೊಳಗೆ ಅದರ ಗಡಸು ಗೋಡೆಯೇ ತೊಂದರೆಯಾಗುತ್ತದೆ. ಗುಂಡಿಯ ಏಟನ್ನು ಟೈರ್ ನುಂಗಿಕೊಳ್ಳುವುದಿಲ್ಲ, ರಿಮ್ಮಿಗೂ ಸಸ್ಪೆನ್ಷನ್ನಿಗೂ ದಾಟಿಸುತ್ತದೆ. ಅಲಾಯ್ ರಿಮ್ ಬಾಗುವುದು, ಸೀಳುವುದು, ಗೋಡೆಯ ಒಳಗಿನ ನೂಲು ಕಡಿದು ಟೈರ್ ಊದಿಕೊಳ್ಳುವುದು ಇದರಿಂದಲೇ. ಹಾಗೆ ಊದಿಕೊಂಡ ಟೈರಿಗೆ ರಿಪೇರಿಯಿಲ್ಲ, ಯಾರು ಏನೇ ಹೇಳಲಿ.

ಹಾಗಾದರೆ ಏನು ಮಾಡಬೇಕು? ಕಾರು ಹೆಚ್ಚಾಗಿ ಮಾಧಾಪುರ, ಬಂಜಾರಾ ಹಿಲ್ಸ್, ಸಿಕಂದರಾಬಾದ್ ನಡುವೆಯೇ ಓಡುತ್ತಿದ್ದರೆ ಮಾಮೂಲಿ ಟ್ಯೂಬ್‌ಲೆಸ್ ಟೈರಿಗೆ ಬದಲಾಯಿಸುವುದನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಸವಾರಿ ಮೆತ್ತಗಾಗುತ್ತದೆ, ಶಬ್ದ ಇಳಿಯುತ್ತದೆ, ಆಯ್ಕೆಯೂ ಹೆಚ್ಚು, ಬೆಲೆಯೂ ಕಡಿಮೆ. ಆದರೆ ಹಾಗೆ ಮಾಡಿದ ದಿನವೇ ಡಿಕ್ಕಿಯಲ್ಲಿ ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಪಂಕ್ಚರ್ ಕಿಟ್ ಮತ್ತು ಜಾಗವಿದ್ದರೆ ನಿಮ್ಮ ಕಾರಿಗೆ ಹೊಂದುವ ತೆಳು ಸ್ಟೆಪ್ನಿ ಇಡಬೇಕು. ತಿಂಗಳಿಗೆ ಎರಡು ಮೂರು ಸಲ ರಾತ್ರಿ ಹೆದ್ದಾರಿ ಹಿಡಿಯುವವರು, ಒಬ್ಬರೇ ಓಡಿಸುವ ಹೆಣ್ಣುಮಕ್ಕಳು, ವಯಸ್ಸಾದವರು ರನ್‌ಫ್ಲಾಟಿನಲ್ಲೇ ಮುಂದುವರಿಯುವುದು ಲೇಸು. ಎರಡು ಟೈರ್ ರನ್‌ಫ್ಲಾಟ್, ಎರಡು ಮಾಮೂಲಿ ಎಂಬ ಬೆರಕೆ ಮಾತ್ರ ಯಾರಿಗೂ ಬೇಡ. ತಿರುವಿನಲ್ಲಿ ಕಾರಿನ ಮುಂಭಾಗ ಒಂದು ಥರ, ಹಿಂಭಾಗ ಇನ್ನೊಂದು ಥರ ವರ್ತಿಸುತ್ತದೆ.

ರಿಮ್ ಗಾತ್ರದ ಬಗ್ಗೆ ಒಂದು ಮಾತು. ಅಂದಕ್ಕಾಗಿ 18ರಿಂದ 19 ಇಂಚಿಗೆ ಹೋಗುವವರೇ ಹೆಚ್ಚು. 255/35 ಆರ್19 ಟೈರಿನ ಗೋಡೆ 89 ಮಿ.ಮೀ. ಮಾತ್ರ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಯೋಚಿಸಿ ನೋಡಿ. 225/45 ಆರ್18 ಬದಲು 225/50 ಆರ್17 ಹಾಕಿದರೆ ಟೈರಿನ ಒಟ್ಟು ವ್ಯಾಸ 660ರಿಂದ 657 ಮಿ.ಮೀ.ಗೆ ಇಳಿಯುತ್ತದೆ, ಅರ್ಧ ಶೇಕಡಾಕ್ಕಿಂತ ಕಡಿಮೆ ವ್ಯತ್ಯಾಸ. ಸ್ಪೀಡೋಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ. ಗೋಡೆ ಮಾತ್ರ 101ರಿಂದ 112 ಮಿ.ಮೀ.ಗೆ ಏರುತ್ತದೆ. ಗುಂಡಿಗೂ ರಿಮ್ಮಿಗೂ ನಡುವೆ ಹನ್ನೊಂದು ಮಿ.ಮೀ. ಹೆಚ್ಚು ರಬ್ಬರ್ ಸಿಕ್ಕಿತು. ನಿಮ್ಮ ಕಾರಿನ ಬೇರೆ ವೇರಿಯಂಟಿಗೆ ಕಂಪನಿಯೇ 17 ಇಂಚು ಕೊಟ್ಟಿದ್ದರೆ, ಬ್ರೇಕ್ ಕ್ಯಾಲಿಪರಿಗೆ ರಿಮ್ ತಾಗುವುದಿಲ್ಲ ಎಂದು ಖಚಿತವಾದರೆ, ಹೈದರಾಬಾದಿಗೆ ಇದರಷ್ಟು ಒಳ್ಳೆಯ ಬದಲಾವಣೆ ಬೇರೊಂದಿಲ್ಲ. ಕಂಪನಿಯ ಪಟ್ಟಿಯಲ್ಲಿಲ್ಲದ ಅಳತೆ ಹಾಕಿಸಿದರೆ ವಿಮೆಯವರು ತಕರಾರು ತೆಗೆಯಬಹುದು, ಆ ದಾರಿ ಹಿಡಿಯಬೇಡಿ.

ಮಳೆ, ಬಿಸಿಲು, ಗಾಳಿ

2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಡದಲ್ಲಿ ಫಾರ್ಮುಲಾ ಇ ರೇಸ್ ನಡೆಯಿತು. ಭಾರತದ ಮೊದಲ ಫಾರ್ಮುಲಾ ಇ ರೇಸ್ ಅದು. ನೆಕ್ಲೆಸ್ ರೋಡಿನ ಸುತ್ತ ಓಡಿದ ಆ ವಿದ್ಯುತ್ ಕಾರುಗಳಿಗೆಲ್ಲ ಹ್ಯಾಂಕುಕ್ ಕಂಪನಿಯ 18 ಇಂಚಿನ ಟೈರುಗಳಿದ್ದವು. ಗೀರುಗಳಿಲ್ಲದ ನುಣ್ಣನೆ ಟೈರುಗಳಲ್ಲ ಅವು, ಒಣ ರಸ್ತೆಗೂ ಒದ್ದೆ ರಸ್ತೆಗೂ ಒಂದೇ ಆಗುವಂತೆ ಟ್ರೆಡ್ ಇದ್ದಂಥವು. ಸಾರ್ವಜನಿಕ ರಸ್ತೆಯನ್ನೇ ಟ್ರ್ಯಾಕ್ ಮಾಡಿಕೊಂಡ ರೇಸಿನವರೂ ನೀರು ಹೊರಹಾಕುವ ಗೀರುಗಳನ್ನು ಬಿಟ್ಟುಕೊಡಲಿಲ್ಲ. ನಮ್ಮ ದಿನನಿತ್ಯದ ಕಾರಿಗೆ ಅದು ಇನ್ನೂ ಮುಖ್ಯ.

ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಟೈರ್ ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ನಡೆಸಿ, ತೇಲುವುದು ಶುರುವಾಗುವ ವೇಗವು ಟೈರಿನ ಗಾಳಿಯೊತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂದು ತೋರಿಸಿತು. ಆ ಸೂತ್ರದಂತೆ 36 ಪಿಎಸ್ಐ ಇದ್ದಾಗ ಸುಮಾರು 100 ಕಿ.ಮೀ. ವೇಗಕ್ಕೆ ತೇಲುವುದು ಶುರುವಾದರೆ, 25 ಪಿಎಸ್ಐಗೆ ಇಳಿದಾಗ 83 ಕಿ.ಮೀ.ಗೇ ಶುರುವಾಗುತ್ತದೆ. ಕಾರಿನ ಟೈರಿಗೆ ಟ್ರೆಡ್ಡಿನ ಆಳ, ಅಗಲಗಳ ಲೆಕ್ಕವೂ ಸೇರುವುದರಿಂದ ಇದು ಅಂದಾಜಷ್ಟೇ. ಆದರೂ ಹೊರವರ್ತುಲದ ವೇಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಪಾಯ ಅರ್ಥವಾಗುತ್ತದೆ. ಅಗಲ ಟೈರ್ ಒಣ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದರೂ ನೀರಿನಲ್ಲಿ ಬೇಗ ತೇಲುತ್ತದೆ ಎಂಬುದು ಸ್ಪೋರ್ಟಿ ಕಾರಿನವರು ಮರೆಯಬಾರದ ಸಂಗತಿ.

ಕಾನೂನಿನ ಪ್ರಕಾರ ಟ್ರೆಡ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಗೀರುಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಮ್ಮಿಗಳಿರುತ್ತವೆ, ರಬ್ಬರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಮಳೆಗಾಲದ ಮಟ್ಟಿಗೆ ನಾನು 3 ಮಿ.ಮೀ.ಯನ್ನೇ ಗಡಿ ಎನ್ನುತ್ತೇನೆ. ಅಳೆಯುವಾಗ ಹೊರಗಿನಿಂದ ಮಾತ್ರ ನೋಡಬೇಡಿ. ಇಂಥ ಕಾರುಗಳ ಚಕ್ರಗಳು ಮೇಲ್ತುದಿಯಲ್ಲಿ ಕೊಂಚ ಒಳಕ್ಕೆ ವಾಲಿರುತ್ತವೆ, ಹಾಗಾಗಿ ಒಳಗಿನ ಅಂಚೇ ಮೊದಲು ಸವೆಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಮುಂದಿನ ಟೈರಿನ ಒಳಭಾಗದ ಮೇಲೆ ಅಂಗೈ ಆಡಿಸಿ. ಹೊರಗಡೆ ಆಳವಾದ ಗೀರುಗಳಿದ್ದರೂ ಒಳಗಡೆ ನುಣ್ಣಗಾಗಿರಬಹುದು, ಕೆಲವೊಮ್ಮೆ ತಂತಿಯ ಎಳೆಯೇ ಕೈಗೆ ಚುಚ್ಚೀತು. ಹಿಂದಿನ ಟೈರುಗಳನ್ನು ಲಿಫ್ಟಿನ ಮೇಲೆ ಎತ್ತಿಸಿಯೇ ನೋಡಬೇಕು.

ಎರಡೇ ಟೈರ್ ಬದಲಿಸುವುದಾದರೆ ಹೊಸ ಎರಡನ್ನು ಹಿಂದೆ ಹಾಕಿಸಿ. ಮುಂದಿನ ಚಕ್ರದ ಚಾಲನೆಯ ಕಾರಾದರೂ ಅಷ್ಟೇ. ಒದ್ದೆ ರಸ್ತೆಯಲ್ಲಿ ಮುಂಭಾಗ ಜಾರಿದರೆ ಕಾಲು ತೆಗೆದು ವೇಗ ಇಳಿಸಿ ಸಾವರಿಸಿಕೊಳ್ಳಬಹುದು, ಹಿಂಭಾಗ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ.

ಗಾಳಿಯ ವಿಷಯದಲ್ಲಿ ಹೈದರಾಬಾದಿನ ಹವೆ ಒಂದು ಪಾಠ ಕಲಿಸುತ್ತದೆ. ಡಿಸೆಂಬರಿನ ಬೆಳಿಗ್ಗೆ 14 ಡಿಗ್ರಿಯಲ್ಲಿ 33 ಪಿಎಸ್ಐ ಇದ್ದ ಟೈರ್, ಗಾಳಿ ಸೋರದಿದ್ದರೆ, ಮೇ ತಿಂಗಳ 42 ಡಿಗ್ರಿಯಲ್ಲಿ ಓಡುವ ಮುನ್ನವೇ 37 ದಾಟುತ್ತದೆ. ಓಡಿದ ಮೇಲೆ ಇನ್ನೂ ಏರುತ್ತದೆ. ಹಾಗೆಂದು ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿ. ತಂಪಾದ ಮೇಲೆ ಕಡಿಮೆಯಾಗಿ, ಮುಂದಿನ ಪ್ರಯಾಣದಲ್ಲಿ ಗೋಡೆ ಹೆಚ್ಚು ಬಾಗಿ, ಕಾದು, ಒಡೆಯುವುದಕ್ಕೆ ಅದೇ ದಾರಿ. ಬೆಳಿಗ್ಗೆ ಕಾರು ತೆಗೆಯುವ ಮುನ್ನ, ಹದಿನೈದು ದಿನಕ್ಕೊಮ್ಮೆ, ಬಾಗಿಲಿನ ಚೀಟಿಯಲ್ಲಿರುವಷ್ಟು ತುಂಬಿಸಿ. ನೈಟ್ರೋಜನ್ ತುಂಬಿಸಿದರೆ ನಷ್ಟವಿಲ್ಲ, ಆದರೆ ಸಾಮಾನ್ಯ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಅದಕ್ಕಾಗಿ ದೂರ ಅಲೆಯಬೇಕಿಲ್ಲ.

ಯಾವುದು ಕೊಳ್ಳುವುದು?

ಹಿಮದ ಟೈರ್ ನಮಗೆ ಬೇಡ. ಉಳಿಯುವುದು ಎರಡು ಬಗೆ. ಮಿಷೆಲಿನ್ ಪೈಲಟ್ ಸ್ಪೋರ್ಟ್, ಪಿರೆಲ್ಲಿ ಪಿ ಝೀರೊ, ಬ್ರಿಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್, ಗುಡ್‌ಇಯರ್ ಈಗಲ್ ಎಫ್1 ಮೊದಲಾದವು ಸ್ಪೋರ್ಟ್ ಬಗೆಯವು. ತಿರುವಿನಲ್ಲೂ ಬ್ರೇಕಿನಲ್ಲೂ ಅಪ್ಪಟ ಹಿಡಿತ, ಮಳೆಯಲ್ಲೂ ಚೆನ್ನ, ಆದರೆ ಬೇಗ ಸವೆಯುತ್ತವೆ, ಬೆಲೆಯೂ ಹೆಚ್ಚು. ಮಿಷೆಲಿನ್ ಪ್ರೈಮಸಿ, ಬ್ರಿಜ್‌ಸ್ಟೋನ್ ಟುರಾಂಜಾ, ಪಿರೆಲ್ಲಿ ಸಿಂಟುರಾಟೊ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಪ್ರಯಾಣದ ಬಗೆಯವು. ಶಬ್ದ ಕಡಿಮೆ, ಬಾಳಿಕೆ ಹೆಚ್ಚು, ಒದ್ದೆ ರಸ್ತೆಯಲ್ಲಿ ನಂಬಬಹುದು. ಆಫೀಸಿನ ಓಡಾಟ ಮತ್ತು ಊರ ದಾರಿ ಎರಡಕ್ಕೂ ಒಂದೇ ಕಾರು ಬಳಸುವವರಿಗೆ ನನ್ನ ಮತ ಎರಡನೆಯ ಬಗೆಗೆ. ಎಂಜಿನ್ ಬಲ ತುಂಬ ಹೆಚ್ಚಿರುವ, ಎಂ ಅಥವಾ ಎಎಂಜಿ ಹೆಸರು ಹೊತ್ತ ಕಾರಿದ್ದರೆ ಸ್ಪೋರ್ಟ್ ಬಗೆಯಿಂದ ಕೆಳಗಿಳಿಯಬೇಡಿ. ಆ ಬಲವನ್ನು ನೆಲಕ್ಕೆ ಹಿಡಿದಿಡುವ ರಬ್ಬರ್ ಬೇಕು. ವಿದ್ಯುತ್ ಕಾರಿನವರು ಹೊರೆಯ ಸೂಚ್ಯಂಕವನ್ನು ಎರಡು ಸಲ ಪರೀಕ್ಷಿಸಿ, ಬ್ಯಾಟರಿಯ ಭಾರ ದೊಡ್ಡದು.

ಭಾರತೀಯ ಕಂಪನಿಗಳನ್ನು ಈ ವರ್ಗದಲ್ಲಿ ಈಗ ತಳ್ಳಿಹಾಕುವಂತಿಲ್ಲ. ನೆದರ್‌ಲ್ಯಾಂಡ್ಸ್ ಮೂಲದ ವ್ರೆಡೆಸ್ಟೈನ್ ಬ್ರ್ಯಾಂಡ್ 2009ರಿಂದ ಅಪೋಲೊ ಕೈಯಲ್ಲಿದೆ, ಅದರ ಅಲ್ಟ್ರಾಕ್ ವೋರ್ಟಿ ಇಲ್ಲಿ ಸಿಗುತ್ತದೆ. ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು ನಡೆಸುವ ಜೆಕೆ ಟೈರ್ ಲೆವಿಟಾಸ್ ಅಲ್ಟ್ರಾ ಎಂಬ ಸಾಲನ್ನು ಐಷಾರಾಮಿ ಕಾರುಗಳಿಗೆಂದೇ ತಂದಿದೆ. ಬೀದರಿಗೆ ಹೋಗುವ ಹೆದ್ದಾರಿ 65ರಲ್ಲಿ ಬರುವ ಸದಾಶಿವಪೇಟೆ ಎಂಆರ್‌ಎಫ್ ಕಾರ್ಖಾನೆಯ ಊರು. ನಿಮ್ಮ ಅಳತೆ, ಹೊರೆ, ವೇಗಕ್ಕೆ ಹೊಂದುವ ತಾಜಾ ಭಾರತೀಯ ಟೈರ್ ಸಿಕ್ಕರೆ, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ವಿದೇಶಿ ಟೈರಿಗಿಂತ ಅದೇ ಮೇಲು.

ತಾಜಾತನದ ಮಾತು ಸುಮ್ಮನೆ ಹೇಳಿದ್ದಲ್ಲ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ತರಿಸಲು ಪರವಾನಗಿ ಬೇಕಾಯಿತು. ದೊಡ್ಡ ಅಳತೆಗಳು ಹೆಚ್ಚಾಗಿ ಹೊರಗಿನಿಂದಲೇ ಬರುತ್ತಿದ್ದುದರಿಂದ ಐಷಾರಾಮಿ ಕಾರಿನವರಿಗೆ ಬಿಸಿ ಮೊದಲು ತಟ್ಟಿತು. ಹಳೆಯ ದಾಸ್ತಾನು ಕೈಗೆ ಬರುವ ಸಾಧ್ಯತೆ ಇಂಥ ಅಳತೆಗಳಲ್ಲೇ ಜಾಸ್ತಿ. ಗೋಡೆಯ ಮೇಲೆ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಹುಡುಕಿ. 2325 ಎಂದಿದ್ದರೆ 2025ರ 23ನೇ ವಾರ ತಯಾರಾದದ್ದು. ಒಂದು ವರ್ಷದೊಳಗಿನದು ಉತ್ತಮ, ಎರಡು ವರ್ಷ ದಾಟಿದ್ದರೆ ಬೇಡ ಎನ್ನಿ. ಐಎಸ್ಐ ಗುರುತು ಇರಲೇಬೇಕು, ಕಡ್ಡಾಯ ಅದು. ಇಲ್ಲದಿದ್ದರೆ ಅಡ್ಡದಾರಿಯಲ್ಲಿ ಬಂದ ಮಾಲು ಎಂದು ಬಿಟ್ಟುಬಿಡಿ.

ಬಿಲ್ಲಿನಲ್ಲಿ ಜಿಎಸ್‌ಟಿ ಸಾಲನ್ನೂ ಓದಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ. ಮೂಲಬೆಲೆ 20,000 ಇದ್ದ ಟೈರ್ 25,600ಕ್ಕೆ ಬೀಳುತ್ತಿದ್ದದ್ದು 23,600ಕ್ಕೆ ಬೀಳಬೇಕು. ನಾಲ್ಕಕ್ಕೆ ಎಂಟು ಸಾವಿರ ಉಳಿತಾಯ. ಆ ಹಣದಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವಾಲ್ವು ಎಲ್ಲ ಆಗುತ್ತದೆ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ತೆಳು ಗೋಡೆಯ ಟೈರನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸುವ ಅಂಗಡಿ ಬೇಡ, ರಿಮ್ಮಿಗೆ ಗೀರು ಬೀಳದಂತೆ ಹಿಡಿಯುವ ಮಷೀನ್ ಇರುವಲ್ಲಿ ಹೋಗಿ. ಖಾಲಿ ರಿಮ್ಮನ್ನು ಮಷೀನಿನ ಮೇಲೆ ತಿರುಗಿಸಿ ಬಾಗಿದೆಯೇ ಎಂದು ತೋರಿಸಲು ಹೇಳಿ. ಗೋಡೆಯ ಮೇಲೆ ಹೊರಭಾಗ ಎಂದು ಇಂಗ್ಲಿಷಿನಲ್ಲಿ ಬರೆದ ಬದಿ ಹೊರಗೇ ಬರಬೇಕು, ಬಾಣದ ಗುರುತಿದ್ದರೆ ಚಕ್ರ ಮುಂದೆ ಉರುಳುವ ದಿಕ್ಕಿಗಿರಬೇಕು. ಬೋಲ್ಟುಗಳನ್ನು ಗಾಳಿ ಗನ್ನಿನಿಂದ ಬಿಗಿದು ಕೈತೊಳೆದುಕೊಳ್ಳಲು ಬಿಡದೆ, ಟಾರ್ಕ್ ವ್ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಲು ಹೇಳಿ. ಗಾಳಿಯೊತ್ತಡದ ಸೆನ್ಸರನ್ನು ಪರದೆಯಲ್ಲಿ ಮರುಹೊಂದಿಸುವುದನ್ನು ಬಹಳ ಜನ ಮರೆಯುತ್ತಾರೆ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಮೆಲ್ಲಗೆ ಓಡಿಸಿ, ಹೊಸ ರಬ್ಬರಿನ ಮೇಲ್ಪದರ ಇನ್ನೂ ಜಾರುತ್ತಿರುತ್ತದೆ.

ಟೈರ್ ಬದಲಿಸುವುದಿದ್ದರೆ ಮೃಗಶಿರಾ ಮಳೆಗೆ ಮುನ್ನ, ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಅಂಗಡಿಯಲ್ಲಿ ನೂಕುನುಗ್ಗಲು, ಬೇಕಾದ ಅಳತೆ ಸಿಗುವುದಿಲ್ಲ, ಸಿಕ್ಕಿದ್ದನ್ನು ಹಾಕಿಸಿಕೊಂಡು ಬರಬೇಕಾಗುತ್ತದೆ. ಇವತ್ತೇ ಕಾರಿನ ಬಳಿ ಹೋಗಿ ನಾಲ್ಕೂ ಟೈರುಗಳ ಆ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ. ಆರು ವರ್ಷ ದಾಟಿದ ಟೈರ್ ಯಾವುದಾದರೂ ಇದ್ದರೆ, ಟ್ರೆಡ್ ಎಷ್ಟೇ ಉಳಿದಿರಲಿ, ತಿಳಿದವರಿಗೆ ತೋರಿಸದೆ ಹೆದ್ದಾರಿಗೆ ಇಳಿಯಬೇಡಿ.